ಅಟ್ಟದ ಮೇಲಿನ ಲೈಟು

ನಮ್ಮತ್ತೆ ಬೆಟ್ಟಮ್ಮನಷ್ಟು ಹಠದ ಹೆಂಗಸನ್ನ ನಾನು ನೋಡಿಲ್ಲ, ನೋಡೋದೂ ಬೇಡ. ಕರೆಂಟಿನ ಬಿಲ್ಲಿನ ದೆಸೆಯಿಂದ ಆ ವರ್ಷ ನನಗೆ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು. ಈಗಲೂ ಯಾರಾದರೂ ನಿಮ್ಮತ್ತೆ ಹೆಂಗಿದ್ರು ಅಂತ ಕೇಳಿದ್ರೆ ನಾನು ಹೇಳೋದು ಆ ಬಿಲ್ಲಿನ ಕಥೇನೇ. ಅವರ ಇಡೀ ಬದುಕು ಅದರೊಳಗೇ ಇದೆ.

ನಮ್ಮನೆ ಚನ್ನರಾಯಪಟ್ಟಣದಲ್ಲಿ. ನಮ್ಮನೆಯೋರು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಅವರ ಹೆಸರು ನನ್ನ ಬಾಯಲ್ಲಿ ಬರೋ ಹಂಗಿಲ್ಲ. ಗಂಡನ ಹೆಸರು ಹೇಳಿದ್ರೆ ಅವನ ಆಯಸ್ಸು ಕಮ್ಮಿ ಆಗ್ತದೆ ಅಂತ ನಮ್ಮಮ್ಮ ಹೊಳೆನರಸೀಪುರದಿಂದ ನನ್ನ ಕಳಿಸೋವಾಗಲೇ ಹೇಳಿ ಕಳಿಸಿದ್ಲು. ಚಿನ್ನಕ್ಕೆ ಇನ್ನೊಂದು ಮಾತು ಏನಿದೆ, ಅದಕ್ಕೊಂದು ಅಯ್ಯ ಸೇರಿಸ್ಕೊಳ್ಳಿ, ಅಷ್ಟೇ. ನಾನು ಹೊಲಿಗೆ ಮಿಷನ್ನಲ್ಲಿ ಬೀದಿಯೋರಿಗೆಲ್ಲಾ ರವಿಕೆ ಹೊಲೀತಿದ್ದೆ. ಹಗಲೆಲ್ಲಾ ನೀರು, ನಿಡಿ, ಮುದ್ದೆ, ಸಾರು; ಮಿಷನ್ ಮುಂದೆ ಕೂರೋಕೆ ಬಿಡುವಾಗ್ತಿದ್ದದ್ದೇ ದೀಪ ಹಚ್ಚಿದ ಮೇಲೆ. ಸೀಮೆಎಣ್ಣೆ ಬುಡ್ಡಿ ಬೆಳಕಿನಲ್ಲಿ ಹೊಲಿದೂ ಹೊಲಿದೂ ಕಣ್ಣಲ್ಲಿ ನೀರು ಸುರಿಯೋದು, ಮಂದಿಯ ಬಟ್ಟೆಗೆ ಮಸಿ ಹತ್ತಿ ಬೈಸ್ಕೊಳ್ಳೋದು. ಹಂಗಾಗಿ ನಮ್ಮ ಬೀದಿಗೆ ಕರೆಂಟಿನ ಕಂಬ ಬಂದ ವರ್ಷ ಬೀದಿಯೋರೆಲ್ಲಾ ನಕ್ಕರೆ ನಾನೊಬ್ಬಳು ಅತ್ತುಬಿಟ್ಟೆ. ಅಷ್ಟು ಸಂತೋಷ.

ಇದ್ದದ್ದು ನಾಲ್ಕೇ ಬಲ್ಬು. ಜಗಲಿಗೊಂದು, ನನ್ನ ಮಿಷನ್ ಇದ್ದ ನಡುಮನೆಗೊಂದು, ಅಡುಗೆಮನೆಗೊಂದು, ಅಟ್ಟಕ್ಕೊಂದು. ಅಟ್ಟದ್ದು ಯಾಕೆ ಅಂದ್ರೆ, ಅಲ್ಲಿ ನಮ್ಮ ತ್ವಾಟದ ತೆಂಗಿನಕಾಯಿ ಹರವಿರ್ತಿತ್ತು. ಸಿಪ್ಪೆ ಸಮೇತ ಹರವಿದ ಕಾಯಿ ಒಳಗೊಳಗೇ ಒಣಗಿ ಗಿಟುಕು ಕೊಬ್ಬರಿ ಆಗೋಕೆ ವರ್ಷ ಹಿಡೀತದೆ. ಅಲ್ಲೀವರೆಗೂ ಅಟ್ಟದ ಹಲಗೆ ಮುಚ್ಚಿ ಯಾರೂ ಹತ್ತೋ ಹಂಗಿಲ್ಲ. ಇಲಿ ಕಾಟ ಬಂದಾಗ ನೋಡೋಕೆ ಇರಲಿ ಅಂತ ಇವರು ಅರವತ್ತು ಕ್ಯಾಂಡಲ್ಲಿನ ಬಲ್ಬು ಹಾಕಿಸಿ, ಅದರ ಸ್ವಿಚ್ಚನ್ನ ಕೆಳಗೆ ಏಣಿಯ ಪಕ್ಕ, ರಾಗಿ ತುಂಬಿಡೋ ಮಣ್ಣಿನ ವಾಡೆಯ ಹಿಂದೆ ಇಡಿಸಿದ್ರು. ಆಮೇಲೆ ನಾವೆಲ್ಲಾ ಅದನ್ನ ಮರೆತೇಬಿಟ್ವಿ.

ಮಾವ ದೊಡ್ಡಬೀರಯ್ಯ ತೀರಿಕೊಂಡ ಮೇಲೆ ಅತ್ತೆ ಕಟ್ಟಾಯದ ಕಡೆಯ ಊರಿಂದ ನಮ್ಮ ಹತ್ತಿರ ಬಂದ್ರು. ತಂದದ್ದು ಒಂದು ಕಂಬಳಿ, ಒಂದು ಕದಿರು, ಒಂದು ಗಂಟು ಉಣ್ಣೆ. ಜಗಲಿ ಮೇಲೆ ಕೂತು ಉಣ್ಣೆ ನೂಲೋದು ಬಿಟ್ಟು ಅವರಿಗೆ ಬೇರೆ ಲೋಕ ಇರಲಿಲ್ಲ. ಮಾತು ಕಮ್ಮಿ. ಸಂಜೆ ಲೈಟು ಹಾಕಿದ ಕೂಡಲೇ ಕದಿರು ಕೆಳಗಿಟ್ಟು ಬಲ್ಬಿಗೆ ಕೈ ಮುಗಿಯೋರು. ಅಷ್ಟೇ ಆಗಿದ್ರೆ ಪರವಾಗಿಲ್ಲ. ಸ್ವಿಚ್ಚು ಹಾಕೋಕೆ ಧೈರ್ಯವಾಗಿ ಹಾಕೋರು, ಆದರೆ ಆರಿಸೋಕೆ ಮಾತ್ರ ಕೈ ಎತ್ತೋರಲ್ಲ. ದೇವರ ಗೂಡಿನ ಎಣ್ಣೆ ದೀಪಕ್ಕೂ ಅಷ್ಟೇ, ಆರಿಸೋವಾಗಲೂ 'ದೊಡ್ಡದು ಮಾಡು' ಅನ್ನೋರೇ ಹೊರತು ಆರಿಸು ಅನ್ನೋ ಕೆಟ್ಟ ಮಾತು ಆಡೋರಲ್ಲ. ಅದೇನು ಹೊಸದಲ್ಲ, ನಮ್ಮಮ್ಮನೂ ಹಂಗೇ ಅಂತಿದ್ಲು. ಆದರೆ ಎಣ್ಣೆ ದೀಪ ಬೇರೆ, ಗಾಜಿನ ಬುರುಡೆ ಬೇರೆ ಅಂತ ನಾನು ತಿಳಿದಿದ್ದೆ.

ಅತ್ತೆ ಬಂದ ಮೇಲೆ ಜಗಲಿ ಲೈಟು, ಅಡುಗೆಮನೆ ಲೈಟು ಸುಮ್ಮನೆ ಉರಿಯೋಕೆ ಶುರುವಾಗಿ ಬಿಲ್ಲು ಒಂಚೂರು ಏರ್ತು. ಯಾವಾಗ ಏರ್ತೋ ಆವಾಗ ನಾನು ಬಾಯಿ ಬಿಟ್ಟೆ. ಬೆಳಿಗ್ಗೆ ಎದ್ರೆ ಆರ್ಸಿ, ಒಲೆ ಮುಂದಿಂದ ಎದ್ರೆ ಆರ್ಸಿ, ಒಳಗೆ ಬಂದ್ರೆ ಆರ್ಸಿ. ನನ್ನ ಬಾಯಿ ನೋಯೋವರೆಗೂ ಆರ್ಸಿ. ಅತ್ತೆ ನನ್ನ ಮುಖ ನೋಡೋರು, ತುಟಿ ಏನೋ ಮಣಮಣ ಅನ್ನೋದು, ಎದ್ದು ಒಳಗೆ ಹೋಗೋರು. ಕೊನೆಗೆ ನಾನೇ ಹೋಗಿ ಒಂದೊಂದೂ ಆರಿಸ್ತಿದ್ದೆ. ಮುಂದಿನ ತಿಂಗಳು ಬಿಲ್ಲು ನೋಡಿದ್ರೆ ಮೂರು ಪಟ್ಟು! ಮಂದಿ ಮನೇಲೆಲ್ಲಾ ಲೈಟು ಆರಿಸಿದ್ರೆ ಬಿಲ್ಲು ಇಳೀತದೆ, ನಮ್ಮನೇಲಿ ಆರಿಸಿದಷ್ಟೂ ಏರ್ತದೆ. ಯಾರಿಗೆ ಹೇಳೋಣ ಇದನ್ನ?

ಇವರು ಬಿಲ್ಲು ಹಿಡಕೊಂಡು ಸೀದಾ ನನ್ನ ಮಿಷನ್ ಹತ್ತಿರ ಬಂದ್ರು. ನಿನ್ನ ಮಿಷನ್ನೇ ಕರೆಂಟು ಕುಡೀತಿರೋದು ಅಂದ್ರು. ಕಾಲಲ್ಲಿ ತುಳಿಯೋ ಮಿಷನ್ನು ಕಣ್ರೀ, ಅದು ಕುಡಿಯೋದು ನನ್ನ ಮಂಡಿಯ ಶಕ್ತಿಯನ್ನ ಅಂದೆ. ಅವರಿಗೆ ನಂಬಿಕೆ ಇಲ್ಲ. ಪಕ್ಕದ ಮನೆ ದಾಕ್ಷಾಯಣಮ್ಮ ಒಬ್ಬಳು, ಕೇಳದೇ ಇದ್ರೂ ಬುದ್ಧಿ ಹೇಳೋಳು. ಬಲ್ಬು ಸಣ್ಣದು ಹಾಕಿ ಅಂದ್ಲು. ನಡುಮನೆಗೆ ಹದಿನೈದು ಕ್ಯಾಂಡಲ್ಲು ಹಾಕಿದ್ವಿ. ಅದರ ಬೆಳಕಿಗೆ ನನ್ನ ಬೆರಳು ಯಾವುದು ಬಟ್ಟೆ ಯಾವುದು ಗೊತ್ತಾಗದೆ ಸೂಜಿ ಉಗುರಿಗೇ ಇಳೀತು. ಬಿಲ್ಲೇನು ಇಳೀಲಿಲ್ಲ. ಯಾರೋ ನಿಮ್ಮ ತಂತಿಯಿಂದ ಕದೀತಿದ್ದಾರೆ ಅಂದ್ಲು. ಇವರು ಒಂದು ವಾರ ಬೀದಿಯೋರ ಗೋಡೆಯನ್ನೆಲ್ಲಾ ಕಳ್ಳನ ಕಣ್ಣಲ್ಲಿ ನೋಡ್ಕೊಂಡು ಓಡಾಡಿ, ಇದ್ದ ನೆಂಟಸ್ತಿಕೆಯನ್ನೂ ಕೆಡಿಸ್ಕೊಂಡ್ರು.

ಕರೆಂಟಿನ ಆಫೀಸಿಗೂ ಹೋಗಿ ಬಂದೆವು. ಅಲ್ಲಿ ಚಂದ್ರಶೇಖರಯ್ಯ ಅಂತ ಒಬ್ಬರು, ಮರ್ಯಾದಸ್ತರು. ಅವರ ಕಡೆಯೋರು ಬಂದು ನಮ್ಮ ಮೀಟರಿನ ಪಕ್ಕ ಇನ್ನೊಂದು ಮೀಟರು ಕೂರಿಸಿ ಕೆಲವು ದಿನ ನೋಡಿದ್ರು. ಎರಡೂ ಅಣ್ಣತಮ್ಮಂದಿರ ಹಂಗೆ ಒಂದೇ ಲೆಕ್ಕ ಹೇಳಿದ್ವು. ನೀವು ಉರಿಸಿದ್ದೀರಮ್ಮ, ಅದು ಬರ್ಕೊಂಡಿದೆ, ನಾವೇನು ಮಾಡೋಣ ಅಂದ್ರು. ಅಲ್ಲಾ ಸಾ, ಉರಿಸಿದ್ರೆ ಕಣ್ಣಿಗೆ ಕಾಣಬೇಡ್ವಾ ಅಂತ ನಾನು ಕೇಳಿದೆ. ಅವರು ಕನ್ನಡಕ ಒರೆಸ್ಕೊಂಡ್ರು.

ಇಷ್ಟರ ಮಧ್ಯೆ ಅತ್ತೆಯದೊಂದು ವಿಚಿತ್ರ. ಕರೆಂಟು ಹೋದಾಗೆಲ್ಲಾ ಅವರು ಜಗಲಿ ಬಿಟ್ಟು ಬಂದು ಅಟ್ಟದ ಏಣಿಗೆ ಒರಗಿ ಕೂರೋರು. ಕರೆಂಟು ಬರೋವರೆಗೂ ಏಳೋರಲ್ಲ. ಊಟಕ್ಕೆ ಕರೆದ್ರೂ ಇಲ್ಲ. ಮನೆಗೆ ಬೆಂಕಿ ಬಿದ್ದಂಗೆ ಬಿಲ್ಲು ಬರ್ತಾ ಇದ್ರೆ ಈ ಯಮ್ಮನಿಗೆ ಏಣಿ ಕಾಯೋ ಕೆಲಸ ಅಂತ ನಾನು ಪಾತ್ರೆ ಕುಕ್ಕಿದ್ದೇ ಕುಕ್ಕಿದ್ದು. ಇವರ ಮುಂದೆ ಹೇಳಿದ್ರೆ, ಅವ್ವನ ಸುದ್ದಿಗೆ ಬರಬೇಡ ಅಂದ್ರು. ಅವ್ವ ಅಂದ್ರೆ ಇವರಿಗೆ ಜೀವ. ಅವ್ವನಿಗೂ ಅಷ್ಟೇ, ಹೆತ್ತದ್ದು ಮೂರಂತೆ, ಉಳಿದದ್ದು ಇವರೊಬ್ಬರೇ.

ಮಾರ್ನಮಿ ಹತ್ತಿರ ಬಂತು. ಊರಿಗೆಲ್ಲಾ ಹಬ್ಬದ ರವಿಕೆ, ನನ್ನ ಮುಂದೆ ಬಟ್ಟೆ ರಾಶಿ. ಅವತ್ತು ಬೆಳಿಗ್ಗೆ ಇವರು ಮಂಡಿಗೆ ಹೊರಟು ನಿಂತು, ಮುಖ ಕೊಡದೆ ಹೇಳಿಬಿಟ್ರು.

"ನನ್ನ ಕೈಲಾಗಲ್ಲ. ನಾಳೆ ಆಫೀಸಿಗೆ ಬರೆದುಕೊಡ್ತೀನಿ, ತಂತಿ ಕಿತ್ಕೊಂಡು ಹೋಗ್ಲಿ. ಬುಡ್ಡಿ ಇತ್ತಲ್ಲ, ಅದನ್ನೇ ತೊಳೆದಿಡು."

ಬುಡ್ಡಿಯಂತೆ ಬುಡ್ಡಿ! ಎರಡು ವರ್ಷ ಕಣ್ಣು ತಣ್ಣಗಿದ್ದ ಮೇಲೆ ಮತ್ತೆ ಆ ಹೊಗೆಯೊಳಕ್ಕೆ ಹೋಗು ಅಂದ್ರೆ ಹೆಂಗೆ? ಅವರು ಅತ್ತ ಹೋದದ್ದೇ ತಡ, ನಾನು ಸ್ಟೂಲು ಎಳೆದು ಮೂರೂ ಬಲ್ಬು ಬಿಚ್ಚಿ ಚಾಪೆ ಮೇಲೆ ಮಲಗಿಸಿದೆ. ಈಗ ಏನು ಉರೀತದೋ ನೋಡೇಬಿಡ್ತೀನಿ ಅಂತ ಜಗಲಿಗೆ ಬಂದು ಮೀಟರು ನೋಡಿದೆ. ಅದರ ಚಕ್ರ ಗಾಣದೆತ್ತಿನ ಹಂಗೆ ಸುತ್ತುತಾ ಇತ್ತು.

ಹಾಡುಹಗಲು, ಮನೇಲಿ ಒಂದು ಬಲ್ಬಿಲ್ಲ, ಆದರೂ ಸುತ್ತುತದೆ ಮುಂಡೇದು. ನನಗೆ ಸಿಟ್ಟು ನೆತ್ತಿಗೇರ್ತು. ಮೀಟರಿಂದ ಹೊರಟ ತಂತಿಯ ಪಟ್ಟಿ ಮೇಲೆ ಬೆರಳಿಟ್ಕೊಂಡು ಗೋಡೆ ಗೋಡೆ ಸವರ್ಕೊಂಡು ಹೊರಟೆ. ಜಗಲಿ, ನಡುಮನೆ, ಅಡುಗೆಮನೆ, ಅಲ್ಲಿಂದ ಪಟ್ಟಿ ರಾಗಿ ವಾಡೆಯ ಹಿಂದಕ್ಕೆ ಹೋಯ್ತು. ಕೈ ತೂರಿಸಿ ನೋಡಿದ್ರೆ ಸ್ವಿಚ್ಚು ಕೆಳಕ್ಕೆ ಒತ್ತಿದೆ. ಸೀರೆ ಎತ್ತಿ ಕಟ್ಟಿ ಏಣಿ ಹತ್ತಿ ಹಲಗೆ ಸರಿಸಿದೆ. ಅಯ್ಯೋ ನನ್ನ ಕರ್ಮವೇ! ಒಳಗೆ ಕಾಯಿಗಳಿಗೆಲ್ಲಾ ಮದುವೆ ಮನೆ ಬೆಳಕು. ನಾನು ಹದಿನೈದು ಕ್ಯಾಂಡಲ್ಲಿಗೆ ಬೆರಳು ಚುಚ್ಚಿಸ್ಕೊಂಡು ಸಾಯ್ತಿದ್ರೆ, ಅಟ್ಟದ ತೆಂಗಿನಕಾಯಿ ಅರವತ್ತು ಕ್ಯಾಂಡಲ್ಲಿನಲ್ಲಿ ಹಗಲೂ ರಾತ್ರಿ ಮಲಗಿದ್ವು.

ಧಡಧಡ ಇಳಿದು ಸ್ವಿಚ್ಚಿಗೆ ಕೈ ಹಾಕೋಕೆ ಹೋದೆ. ಅತ್ತೆ ಅಡ್ಡ ನಿಂತಿದ್ರು. ಇದನ್ನ ಹಾಕಿದ್ದು ನೀವೇನಾ ಅಂತ ಕೇಳಿದೆ. ಹೂಂ ಅಂದ್ರು, ಒಂಚೂರೂ ಮರೆಮಾಚದೆ. ನಾನು ಮೊದಲನೇ ಸಲ ಆರ್ಸಿ ಅಂತ ಕೂಗಿದ ದಿನವೇ ಹಾಕಿದ್ರಂತೆ. ಆಮೇಲೆ ನಾನು ಕೂಗಿದಾಗೆಲ್ಲಾ ಎದ್ದು ಒಳಗೆ ಹೋಗ್ತಿದ್ದದ್ದು ಸ್ವಿಚ್ಚು ಹಾಕಿದಂಗೇ ಇದೆಯಾ ಅಂತ ಮುಟ್ಟಿ ನೋಡೋಕಂತೆ. ಅದು ದೀಪ ಅಲ್ಲ ಅತ್ತೆಮ್ಮ, ಬರೀ ಗಾಜು, ಆರ್ಸಿದ್ರೆ ಏನೂ ಆಗಲ್ಲ ಅಂತ ನಾನು ಬಾಯಿಗೆ ಬಂದಂಗೆ ಕಿರುಚಿದೆ. ಒಂದು ಮಾತಿಗೋಸ್ಕರ ಮನೆ ಹಾಳು ಮಾಡ್ತೀರಲ್ಲ, ಮಾತಲ್ಲಿ ಏನಿದೆ ಅಂದೆ.

ಅತ್ತೆ ನನ್ನನ್ನೇ ನೋಡಿದ್ರು. "ಮಾತಲ್ಲಿ ಏನೂ ಇಲ್ದಿದ್ರೆ ಎಲ್ಲಿ, ನಿನ್ನ ಗಂಡನ ಎಸರು ಏಳವ್ವ ನೋಡಾನ."

ಹೇಳೋಕೆ ಹೋದೆ, ನಾಲಿಗೆ ಏಳಲಿಲ್ಲ. ಅತ್ತೆ ಅಲ್ಲೇ ಏಣಿಯ ಕೆಳಗೆ ಕೂತ್ರು. ಎಷ್ಟೋ ವರ್ಷದ ಮಾತು ಆವತ್ತು ಹೊರಗೆ ಬಂತು.

"ನಿನ್ನ ಗಂಡ ಒನ್ನನ ಬೆನ್ನಿಗೆ ಇನ್ನೊಂದಿತ್ತು, ಗಂಡು. ಜರ ಬಂದು ಮಲಗಿತ್ತು. ನಾನು ದೀಪ ಮಡೀಕಂಡು ಪಕ್ಕದಲ್ಲಿ ಕೂತಿದ್ದೆ. ನಮ್ಮತ್ತೆ ಬಂದು, ಎಣ್ಣೆ ದಂಡ ಕಣೇ, ಆರ್ಸು ಅಂದ್ಲು. ನಾನು ಚಿಕ್ಕೋಳು, ಊದ್ಬುಟ್ಟೆ. ಬೆಳಿಗ್ಗೆ ಮುಟ್ತೀನಿ, ಮಗ ತಣ್ಣಗಿತ್ತು. ಈಗ ನೀನೂ ಅದೇ ಮಾತು, ಒಂದಲ್ಲ ಎಲ್ಡಲ್ಲ, ದಿನಾ. ನನಗಿರೋದು ಒಬ್ಬ ಕಣವ್ವ. ಅವ್ನ ಎಸರಲ್ಲಿ ಒಂದಾರ ಉರೀಲಿ ಅಂತ ಆಕ್ದೆ."

ಎಣ್ಣೆ ದಂಡ ಅಂದಿದ್ಲು ಅತ್ತೆಯ ಅತ್ತೆ, ಬಿಲ್ಲು ದಂಡ ಅಂತಿದ್ದೆ ನಾನು. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ತಿಂಗಳುಗಟ್ಟಲೆ ಒದ್ದಾಡಿದ್ದೀನಿ, ಬೀದಿಯೋರ ಹತ್ತಿರ ನಿಷ್ಠುರ ಕಟ್ಕೊಂಡಿದ್ದೀನಿ, ಎಲ್ಲಾ ಒಂದು ಮಾತಿಗೆ. ಮತ್ತೆ ಹೆಂಗೆ ಅತ್ತೆಮ್ಮ ಹೇಳಬೇಕಿತ್ತು ಅಂತ ಕೇಳಿದೆ. ಕೇಳೋವಾಗಲೇ ಉತ್ತರ ನನಗೇ ಹೊಳೀತು. ಅಳು ಬಂತೋ ನಗು ಬಂತೋ ತಿಳೀಲಿಲ್ಲ.

"ದೊಡ್ಡದು ಮಾಡಿ ಅತ್ತೆಮ್ಮ," ಅಂದೆ.

ಅತ್ತೆ ಎದ್ರು. ವಾಡೆಯ ಹಿಂದಕ್ಕೆ ಕೈ ತೂರಿಸಿ ಮೊದಲು ಸ್ವಿಚ್ಚನ್ನ ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಮೇಲಕ್ಕೆತ್ತಿದ್ರು. ಜಗಲಿಗೆ ಹೋಗಿ ನೋಡಿದೆ, ಚಕ್ರ ನಿಂತಿತ್ತು. ಅತ್ತೆ ಬೇಡಿಕೊಂಡದ್ದು ಒಂದೇ, ಮಗನಿಗೆ ಏಳ್ಬೇಡ, ತಮ್ಮ ಹೋದದ್ದು ಹೆಂಗೆ ಅಂತ ಅವನಿಗೆ ಗೊತ್ತಿಲ್ಲ ಅಂತ. ಇನ್ನೊಂದು ತಿಂಗಳು ತಡೀರಿ ಅಂತ ನಾನು ಇವರ ಕಾಲಿಗೆ ಬೀಳೋದೊಂದು ಬಾಕಿ, ಅಷ್ಟು ಮಾಡಿ ಒಪ್ಪಿಸಿದೆ.

ಆ ತಿಂಗಳು ನಮ್ಮನೇಲಿ ಯಾರ ಬಾಯಿಯೂ ನೋಯಲಿಲ್ಲ. ನಾನು ದೊಡ್ಡದು ಮಾಡಿ ಅನ್ನೋದು, ಅತ್ತೆ ಪಟ್ ಅಂತ ಆರಿಸೋದು. ಆಮೇಲಾಮೇಲೆ ನಾನು ಹೇಳೋದೂ ಬೇಡವಾಯ್ತು. ನಾನು ಸೂಜಿಗೆ ದಾರ ಪೋಣಿಸ್ತಾ ಇದ್ರೂ ಬಂದು ದೊಡ್ಡದು ಮಾಡ್ಲಾ ಅನ್ನೋರು. ಅದೊಂದು ಬೇರೆ ಕಾಟ.

ಬಿಲ್ಲು ಬಂದ ಸಂಜೆ ನಾವೆಲ್ಲಾ ಜಗಲಿಯಲ್ಲಿದ್ವಿ. ದಾಕ್ಷಾಯಣಮ್ಮನೂ ಬಂದು ಕೂತಿದ್ಲು. ಇವರು ಲೈಟಿನ ಕೆಳಗೆ ನಿಂತು ಬಿಲ್ಲು ಬಿಚ್ಚಿದ್ರು, ಒಂದು ಸಲ ಓದಿದ್ರು, ತಿರುಗಿಸಿ ಹಿಂದೆಯೂ ನೋಡಿದ್ರು. ಆಮೇಲೆ ಮೀಸೆ ಮೇಲೆ ಕೈ ಹೋಯ್ತು. ತಂತಿ ಕಿತ್ತಾಕಿಸ್ತೀನಿ ಅಂತ ತಾವು ಗದರಿದ್ದಕ್ಕೇ ಎಲ್ಲಾ ದಾರಿಗೆ ಬಂತಂತೆ, ಮನೇಲಿ ಗಂಡಸು ಬಿಗಿಯಾಗಿರಬೇಕು ಅಂತ ದಾಕ್ಷಾಯಣಮ್ಮನಿಗೆ ಉಪದೇಶ. ನಾನು ಹಲ್ಲು ಕಚ್ಕೊಂಡು ರವಿಕೆಗೆ ಕಾಜಾ ಹಾಕ್ತಾ ಕೂತೆ. ಸುಮ್ಮನಿರಬಾರದಾ ಈ ಗಂಡಸು? ಇಲ್ಲ.

"ಇನ್ಮೇಲೂ ಅಷ್ಟೇ," ಅಂದ್ರು ಗಟ್ಟಿಯಾಗಿ. "ಎಲ್ಲಾ ಲೈಟೂ ಆರ್ಸಿ."

ಅತ್ತೆಯ ಕದಿರು ನಿಂತುಹೋಯ್ತು. ಅವರು ನನ್ನ ಕಡೆ ನೋಡಲೂ ಇಲ್ಲ, ಗೋಡೆ ಹಿಡಿದು ಎದ್ದು ಒಳಕ್ಕೆ, ರಾಗಿ ವಾಡೆಯ ಕಡೆಗೆ ಹೊರಟ್ರು. ನನ್ನ ಮಡಿಲಲ್ಲಿದ್ದ ರವಿಕೆ, ಕತ್ತರಿ ಎಲ್ಲಾ ನೆಲಕ್ಕೆ ಬಿತ್ತು.

"ಏನೂಂದ್ರೆ, ದೊಡ್ಡದು ಮಾಡಿ ಅನ್ನಿ," ಅಂದೆ.

"ಯಾವುದನ್ನ, ಬಿಲ್ಲನ್ನಾ?"

"ಲೈಟನ್ನ ಕಣ್ರೀ. ಅತ್ತೆಮ್ಮಂಗೆ ಹೇಳಿ. ಯಾಕೆ ಅಂತ ಕೇಳಬೇಡಿ, ಅನ್ನಿ."

ನನ್ನ ಮುಖ ಹೆಂಗಿತ್ತೋ ಏನೋ, ಇವರು ಒಳಗೆ ತಿರುಗಿ, "ಲೈಟು ದೊಡ್ಡದು ಮಾಡವ್ವ," ಅಂದ್ರು.

ಅತ್ತೆ ಅರ್ಧ ದಾರಿಯಿಂದ ವಾಪಸ್ ಬಂದ್ರು. ಜಗಲಿಯ ಬಲ್ಬಿಗೆ ಕೈ ಮುಗಿದು ಸ್ವಿಚ್ಚು ಎತ್ತಿದ್ರು. ಬಿಲ್ಲು ಹಿಡಕೊಂಡು ನಿಂತ ಇವರು, ದಾಕ್ಷಾಯಣಮ್ಮ, ನಾನು, ನನ್ನ ಬಟ್ಟೆ, ಎಲ್ಲಾ ಒಟ್ಟಿಗೇ ಕತ್ತಲಲ್ಲಿ ಮುಳುಗಿದ್ವಿ.

"ನೂರು ವರ್ಸ ಬಾಳು ಕಣಪ್ಪ ಒನ್ನ," ಅಂತ ಕತ್ತಲಲ್ಲಿ ಅತ್ತೆಯ ದನಿ ಕೇಳಿಸ್ತು.