ಐಸ್ ಕೊಕ್ಕೆಯ ಒಂದು ಏಟು

ಮೀನಿನ ಸಗಟು ಮಾರುಕಟ್ಟೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಮೂಗಣ್ಣ ಎಂದೇ. ಬುಟ್ಟಿ ಬಂದರೆ ಮೀನಿನ ಕಿವಿರು ಎತ್ತಿ ಒಂದು ಸಲ ಮೂಸುವುದು, "ಇವತ್ತಿಂದು" ಅಥವಾ "ನಿನ್ನೇದು" ಅನ್ನುವುದು, ಇಷ್ಟೇ ಕೆಲಸ. ಅವನು ಹೇಳದೆ ಹರಾಜು ಶುರುವಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಮೂಗು ಒಂದು ದಿನವೂ ತಪ್ಪಲಿಲ್ಲ. ಅದರ ಜಂಬವೂ ಅವನಿಗೆ ಕಡಿಮೆ ಇರಲಿಲ್ಲ. ಮನೆಯಲ್ಲಿ ಅನ್ನ ತಳ ಹಿಡಿದರೆ ಬೀದಿ ತಿರುವಿನಲ್ಲೇ ನಿಂತು ಹೆಂಡತಿಯನ್ನು ಕೂಗುತ್ತಿದ್ದ.

ಹೋದ ಚಳಿಗಾಲದಲ್ಲಿ ಬಂದ ಜ್ವರ ಬಿಟ್ಟು ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಡಾಕ್ಟರು "ವಾಪಸ್ ಬಂದ್ರೂ ಬರಬಹುದು" ಅಂದರು. ನೆಗಡಿಯಾಯಿತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ ನಿಜ, ಆದರೆ ಕೊಯ್ಯದೆಯೇ ಹೋದ ಮೂಗಿಗೆ ಏನು ಮಾಡಬೇಕೋ ಯಾವ ಗಾದೆಯೂ ಹೇಳುವುದಿಲ್ಲ.

ಮಾರುಕಟ್ಟೆಯಲ್ಲಿ ಈ ವಿಷಯ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ಅಲ್ಲಿ ಐಸ್ ಒಡೆದು ಹಾಕುವವನು, ಬುಟ್ಟಿಯ ಪಕ್ಕದಲ್ಲೇ ಇರುತ್ತೇನೆ. ಅವನು ಮೂಸಿದಂತೆ ಮಾಡುತ್ತಿದ್ದ. ಮಾಲು ಕೆಟ್ಟಿದ್ದರೆ ನಾನು ಐಸ್ ಕೊಕ್ಕೆಯಿಂದ ನೆಲಕ್ಕೆ ಒಂದು ಏಟು ಹಾಕುತ್ತಿದ್ದೆ. ಸುಮ್ಮನಿದ್ದರೆ ಒಳ್ಳೆಯದು ಎಂದರ್ಥ. ನಾಲ್ಕು ತಿಂಗಳು ಹೀಗೇ ತಳ್ಳಿದೆವು. ಅವನು ಮಾತ್ರ ದಿನದಿನಕ್ಕೆ ಸೊರಗಿದ. "ಮಗಳ ತಲೆ ಮೂಸಿದ್ರೂ ಏನೂ ಇಲ್ಲ ಕಣೋ. ಗೋಡೆ ಮೂಸಿದ ಹಾಗೆ. ಈ ಕೆಲಸನೂ ಹೋದ್ರೆ ನಾನು ಯಾತಕ್ಕೆ ಬೇಕು?" ಅಂದ ಒಂದು ದಿನ.

ಒಂದು ರಜೆಯ ಸಂಜೆ ಬಲವಂತದಿಂದ ಅವನನ್ನು ಹೊರಗೆ ಎಳೆದುಕೊಂಡು ಹೋದೆ. ಹಳೆಯ ಲಾಂಡ್ರಿ ಇದ್ದ ಜಾಗದಲ್ಲಿ ಹೊಸದಾಗಿ ಮೀನಿನ ಬಾರ್ ತೆರೆದಿತ್ತು. ಒಳಗೆ ನೀಲಿ ದೀಪ, ಕಾಲು ನೆಲಕ್ಕೆ ಎಟುಕದ ಎತ್ತರದ ಸ್ಟೂಲು, ಬಿಳಿ ಕಲ್ಲಿನ ಕಟ್ಟೆಯ ತುಂಬ ಐಸು, ಅದರ ಮೇಲೆ ಜೋಡಿಸಿಟ್ಟ ಮೀನು.

"ನಾವು ಬೂಟುಗಾಲಲ್ಲಿ ತುಳಿಯೋ ಐಸಿಗೆ ಇಲ್ಲಿ ಏನು ಮರ್ಯಾದೆ ನೋಡು!" ಅಂದೆ.

ಅವನು ನಕ್ಕ. ಎಷ್ಟೋ ದಿನದ ಮೇಲೆ ನಕ್ಕ. ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಬಾರ್ ಮಾಲೀಕ ಗುರುತು ಹಿಡಿದ. ಅವನು ದಿನಾ ನಮ್ಮ ಮಾರುಕಟ್ಟೆಗೆ ಬರುವವನೇ. "ಅರೆ, ಮೂಗಣ್ಣ! ಎಲ್ರೂ ಇಲ್ಲಿ ನೋಡಿ, ಈ ಊರಲ್ಲಿ ಇವರ ಮೂಗಿನ ಮುಂದೆ ಯಾರೂ ಇಲ್ಲ" ಎಂದು ಕೂಗಿ, ಹಸಿಯಾಗಿಯೇ ನಿಂಬೆ ಹಿಂಡಿ ನುಂಗುವ ಚಿಪ್ಪುಮೀನಿನ ತಟ್ಟೆ ತಂದು ನಮ್ಮಿಬ್ಬರ ನಡುವೆ ನಿಂತ. "ಒಂದು ಸಲ ಮೂಸಿ ಹೇಳಿಬಿಡಿ."

ಮೂಗಣ್ಣನ ಮುಖ ಬಿಳಿಚಿಕೊಂಡಿತು. ನಿಂಬೆಯ ಘಮದ ಅಡಿಯಲ್ಲಿ ಸಣ್ಣಗೆ ಕೊಳೆತ ವಾಸನೆ ನನಗೆ ಬಡಿಯಿತು. ನನ್ನ ಕೊಕ್ಕೆ ಮಾರುಕಟ್ಟೆಯ ಗೂಟದಲ್ಲಿ ನೇತಾಡುತ್ತಿತ್ತು. ಫೋರ್ಕ್ ಎತ್ತಿ ತಟ್ಟೆಗೆ ಜೋರಾಗಿ ಒಂದು ಏಟು ಹಾಕಿದೆ. ಆ ಕೋಣೆಯಲ್ಲಿ ನಲವತ್ತು ಫೋರ್ಕು ನಲವತ್ತು ತಟ್ಟೆಗೆ ಬಡಿಯುತ್ತಿದ್ದವು.

"ಇವತ್ತಿಂದು," ಅಂದ ಮೂಗಣ್ಣ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೀಕ ತಟ್ಟೆಯನ್ನು ಸುತ್ತಲಿನವರ ಮುಂದೆ ಚಾಚಿದ. ನನ್ನ ಪಕ್ಕದ ಅಜ್ಜಿ ಒಂದು ಚಿಪ್ಪು ಎತ್ತಿ ಬಾಯಿಗೆ ಒಯ್ದರು. ಬೇಡ ಅಂದರೆ ಗೆಳೆಯನ ಅನ್ನಕ್ಕೆ ಕಲ್ಲು, ಸುಮ್ಮನಿದ್ದರೆ ಅಜ್ಜಿಯ ಗತಿ ಏನು? ತಲೆ ಓಡಲಿಲ್ಲ. ಕೈಯಿಂದ ಕಿತ್ತುಕೊಂಡು ನಾನೇ ನುಂಗಿದೆ.

"ಥೂ, ಜನ್ಮದಲ್ಲಿ ಊಟ ಕಂಡಿಲ್ವೇನಪ್ಪ!" ಅಂದರು ಅಜ್ಜಿ. ಸುತ್ತಲಿನವರು ನಕ್ಕರು. ತಟ್ಟೆಯಲ್ಲಿ ಇನ್ನೂ ಹನ್ನೊಂದಿದ್ದವು. ಎರಡನೆಯದಕ್ಕೆ ಕೈ ಹಾಕಿದೆ.

ಮೂಗಣ್ಣ ನನ್ನ ಮಣಿಕಟ್ಟು ಹಿಡಿದ. ಚಿಪ್ಪು ನನಗೆ ಸೇರುವುದಿಲ್ಲ, ಹುಟ್ಟಿದಾಗಿನಿಂದ ಮುಟ್ಟಿದವನಲ್ಲ ಎಂದು ಅವನಿಗೆ ಗೊತ್ತು. ನನ್ನ ಕಣ್ಣಲ್ಲಿ ತುಂಬಿದ ನೀರನ್ನೂ ನೋಡಿದ.

"ಆ ತಟ್ಟೆ ಎತ್ತಿಬಿಡಿ," ಎಂದ ಗಟ್ಟಿಯಾಗಿ. "ಕೆಟ್ಟಿದೆ. ನಂಗೆ ವಾಸನೆ ಬರಲ್ಲ. ನಾಲ್ಕು ತಿಂಗಳಾಯ್ತು."

ಫೋರ್ಕುಗಳೆಲ್ಲ ನಿಂತವು. ಬೆಳಗಾಗುವುದರೊಳಗೆ ಮಾರುಕಟ್ಟೆಗೆ ಸುದ್ದಿ ಮುಟ್ಟುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಬಂದು ಚರಂಡಿಯ ಪಕ್ಕ ವಾಂತಿ ಮಾಡಿಕೊಂಡೆ. ಅವನು ಬೆನ್ನು ನೀವಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿ ಮಂಡಿಯೂರಿ, ಆ ವಾಂತಿಯ ಮೇಲೆ ಮುಖ ಬಗ್ಗಿಸಿ, ಎದೆ ತುಂಬ ಉಸಿರೆಳೆದ. ಮತ್ತೊಮ್ಮೆ ಎಳೆದ.

"ಏನೂ ಇಲ್ಲ ಕಣೋ," ಎಂದು ಅಲ್ಲೇ ಕುಸಿದು ಅಳತೊಡಗಿದ.