ವೈನಿಯ ಜಿರೇನಿಯಂಗೆ ವಾಸನೆ ಇರಲಿಲ್ಲ

ಹೋದ ವಾರ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಗಿಡ ಮಾರುವವನ ತಳ್ಳುಗಾಡಿಯ ಹತ್ತಿರ ನಿಂತಿದ್ದೆ. ತುಳಸಿ, ದಾಸವಾಳ, ಕಪ್ಪು ಚೀಲದ ಗುಲಾಬಿಗಳ ನಡುವೆ ದಪ್ಪ ಎಲೆಯ ಗಿಡವೊಂದಿತ್ತು. ಒಂದು ಎಲೆ ತಿಕ್ಕಿ ಮೂಗಿಗೆ ಹಿಡಿದೆ. ಗುಲಾಬಿಯ ವಾಸನೆ, ಅದರ ಹಿಂದೆಯೇ ಒಂಚೂರು ನಿಂಬೆಯ ಹುಳಿ... "ಜಿರೇನಿಯಂ ಐತ್ರಿ ಮೇಡಂ, ಒಯ್ಯರಿ" ಎಂದ. ಇದು ಅದಲ್ಲಪ್ಪ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಶಹಾಪುರದ ಆ ಅಂಗಳ ಕಣ್ಣ ಮುಂದೆ ಬಂತು.

ಆಗ ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಓಣಿಯವರಿಗೆಲ್ಲ ಅಕ್ಕೋರು. ನಮ್ಮ ಬಾಡಿಗೆ ಮನೆಗೆ ಅಂಟಿಕೊಂಡೇ ವೈನಿಯ ಮನೆ. ಓಣಿಯೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿತ್ತು, ನಾನೂ ವೈನಿ ಎಂದೆ. ಗಂಡನದು ಕಿರಾಣಿ ಅಂಗಡಿ; ದಿನವಿಡೀ ಮನೆಯಲ್ಲಿರುತ್ತಿದ್ದವರು ವೈನಿ ಮತ್ತು ಅವರ ಅತ್ತೆ. ಆ ಮುದುಕಿಯನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ಆಯಿಯ ಕಣ್ಣಿಗೆ ಪೊರೆ ಬಂದು ಬೆಳಕೊಂದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ವೈನಿಯ ಬಾಯಿಗೆ ಮಾತ್ರ ಎಲ್ಲರೂ ಹೆದರಬೇಕು. ಹಾಲಿನವನು ನೀರು ಬೆರೆಸಿದ ದಿನ ಓಣಿಯ ಆ ತುದಿಯವರಿಗೂ ಸುದ್ದಿ ಮುಟ್ಟುತ್ತಿತ್ತು. ಮನಸ್ಸಿನಲ್ಲಿದ್ದದ್ದು ಅವರ ನಾಲಿಗೆಯ ಮೇಲೆ ಇರುತ್ತಿತ್ತು.

ಒಬ್ಬಳೇ ಮಗಳು, ಊಟಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ವರ್ಷ ನಾಗರ ಪಂಚಮಿಗೆ ಮನೆಗೆ ಬಂದವಳು ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಬೇರಿನ ಗಡ್ಡೆ ತಂದಳು, ತುದಿಯಲ್ಲಿ ಎರಡು ಮೂರು ಎಲೆ. ಜಿರೇನಿಯಂ ಎಂದಳು. ನಾನು ಒಪ್ಪಲಿಲ್ಲ. ಜಿರೇನಿಯಂ ಎಂದರೆ ಬಂಗಲೆಗಳ ಕುಂಡದಲ್ಲಿ ಕೆಂಪು ಗೊಂಚಲು ಬಿಡುವ ಗಿಡ ಎಂದೇ ನನ್ನ ತಿಳಿವಳಿಕೆ. ಅವಳು ಎಲೆ ಹರಿದು ಆಯಿಯ ಮೂಗಿಗೂ ನನ್ನ ಮೂಗಿಗೂ ಹಿಡಿದಳು. ಹಸಿ ಹುಲ್ಲಿನ ವಾಸನೆ, ಅಷ್ಟೇ.

"ಪ್ಯಾಟ್ಯಾಗ ಮಾರೂದು ಬ್ಯಾರೆ ಗಿಡ ಅಕ್ಕೋರ, ಅದರ ಎಲಿ ದಪ್ಪ. ಇದು ಅಸಲಿ" ಎಂದು ನಕ್ಕಳು. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ಅಲ್ಲಿ ಇದು ಚಳಿಗೆ ಒಣಗತೈತಿ. ಇಲ್ಲಿ ಬಿಸಲಿಗೆ ಒಣಗಬೌದು. ಸತ್ತಂಗ ಕಾಣತೈತಿ, ಕಿತ್ತಿ ಒಗೀಬ್ಯಾಡ. ಬೇರಿಗೆ ಜೀವ ಇರತೈತಿ" ಎಂದಳು.

ನಮ್ಮ ಕಡೆಯ ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಅದಕ್ಕೆ ಅರ್ಧಕ್ಕರ್ಧ ಹೊಳೆಯ ಉಸುಕು, ಹಳೆಯ ಗೊಬ್ಬರ ಬೆರೆಸಿ ಮಣ್ಣಿನ ಕುಂಡದಲ್ಲಿ ನೆಟ್ಟೆವು. ಮಧ್ಯಾಹ್ನದ ಬಿಸಿಲು ಬೀಳದ ಗೋಡೆಯ ಬದಿಗೆ ಇಟ್ಟೆವು. ಚಳಿ ಬಿದ್ದಾಗ ಹೂ ಬಿಟ್ಟಿತು. ನೀಲಿ ಬೆರೆತ ನೇರಳೆ ಬಣ್ಣ, ಸಣ್ಣ ಗೆರೆಗಳು, ಐದೂ ಎಸಳು ಒಂದೇ ಅಳತೆ. ಬಂಗಲೆಯ ಗಿಡದ ಹೂವಿನಲ್ಲಿ ಮೇಲಿನ ಎರಡು ಎಸಳಿಗೂ ಕೆಳಗಿನ ಮೂರಕ್ಕೂ ಹೋಲಿಕೆ ಇರುವುದಿಲ್ಲ. ಎಸಳು ಉದುರಿದ ಮೇಲೆ ಕೊಕ್ಕರೆಯ ಕೊಕ್ಕಿನಂಥ ಕಾಯಿ ನಿಂತಿತು. ಹುಡುಗಿ ಹೇಳಿದ್ದೇ ಖರೆ. ಫೋಟೋ ತೆಗೆದು ಕಳಿಸಿದೆವು. "ನನಗಿಂತ ಚಲೋ ಬೆಳಸೀದಿ ಅವ್ವಾ" ಎಂದು ಅವಳು ಫೋನಿನಲ್ಲಿ ಕೂಗಿದ್ದು ಗೋಡೆಯಾಚೆ ನನಗೂ ಕೇಳಿಸಿತ್ತು...

ಸಂಕ್ರಾಂತಿ ಮುಗಿದಿತ್ತು. ಮಗಳಿಗೆ ಜ್ವರ ಹೆಚ್ಚಾಗಿದೆ ಎಂದು ಊಟಿಯಿಂದ ಫೋನು ಬಂತು. ಗಂಡ ಹೆಂಡತಿ ರೈಲು ಹತ್ತಿ ಹೋಗಿ ಮುಟ್ಟುವಷ್ಟರಲ್ಲಿ ಮಗಳು ಇರಲಿಲ್ಲ.

ಮಣ್ಣು ಮಾಡಿದ ದಿನವೂ ವೈನಿ ಅಳಲಿಲ್ಲ. ಬಂದವರಿಗೆ ಚಹಾ ಮಾಡಿಕೊಟ್ಟರು, ಕುಂಡದ ಹತ್ತಿರ ಹೋಗಿ ಕೂತರು. ಬೇಸಿಗೆ ಏರುತ್ತಿದ್ದಂತೆ ಎಲೆಗಳು ಕೆಂಪಾಗಿ, ಹಳದಿಯಾಗಿ, ತರಗಾಗಿ ಉದುರಿದವು. ಒಂದು ದಿನ ನನ್ನ ಕೈಹಿಡಿದು ಎಳೆದುಕೊಂಡು ಹೋದರು.

"ಖರೇ ಹೇಳ್ರಿ ಅಕ್ಕೋರ. ಐತೋ, ಹೋತೋ?"

ಮಣ್ಣು ಸರಿಸಿ ಬೇರನ್ನು ಉಗುರಿನಿಂದ ಗೀರಿದೆ. ಒಳಗೆ ಬಿಳಿ, ಗಟ್ಟಿ. ಜೀವ ಇದೆ, ಮಣ್ಣು ಪೂರಾ ಒಣಗದಂತೆ ಆಗೀಗ ತುಸು ನೀರು ಚಿಮುಕಿಸಿದರೆ ಸಾಕು, ಮಳೆ ಬೀಳಲಿ ಎಂದೆ. ವೈನಿ ಹಾಗೆಯೇ ಮಾಡಿದರು. ಮಗಳ ಮಾತು ಬಂದರೆ "ಚಿಗೀಲಿ, ಆಮ್ಯಾಲೆ ನೋಡೂಣು" ಎನ್ನುತ್ತಿದ್ದರು. ಅಳುವನ್ನೂ ಮಳೆಗಾಲಕ್ಕೆ ಮುಂದೂಡಿದವರ ಹಾಗೆ ಇದ್ದರು. ಅವರನ್ನು ನೋಡಿದರೆ ನನಗೆ ಭಯವಾಗುತ್ತಿತ್ತು.

ಜೂನಿನ ಮಿರುಗದ ಮಳೆ ಬಂತು. ಅಂಗಳದ ಹುಲ್ಲುಕಸವೆಲ್ಲ ಹಸಿರಾಯಿತು. ಕುಂಡ ಮಾತ್ರ ಕಪ್ಪಗೆ ಹಾಗೇ ಇತ್ತು. ಕೊನೆಗೆ ನಾನೇ ಕುಂಡ ಬೋರಲು ಹಾಕಿದೆ. ಕೊಳೆತ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಬೇರು ಕೈಯಲ್ಲಿ ಹಿಡಿದರೆ ಲೋಳೆಯಾಗಿ ಜಾರುತ್ತಿತ್ತು. ಕುಂಡದ ತಳದ ತೂತಿಗೆ ಯಾರೋ ಅರಿವೆಯ ಚಿಂದಿ ತುರುಕಿದ್ದರು.

ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದ ಆಯಿಯ ದನಿ ಬಂತು. "ಕುಂಡ ಸರಸಾಕತ್ತೀರೇನು? ತೂತಿನ ಅರಿವಿ ತಗೀಬ್ಯಾಡ್ರಿ. ನಾನ ತುರುಕೀನಿ. ದಿನಾ ಲಿಂಗಪೂಜಿ ನೀರು ಅದಕ್ಕ ಹಾಕಾಕತ್ತೀನಿ, ಮಮ್ಮಗಳ ಗಿಡ ಹಚ್ಚಗ ಇರಲಂತ. ಆ ನೀರು ತಳದಾಗ ಸೋರಿ ನೆಲಕ್ಕ ಹರದ್ರ ಮಂದಿ ತುಳೀತಾರ. ತುಳೀಬಾರದಲ್ಲ ತಂಗಿ."

ಎಷ್ಟೋ ವರ್ಷ ಆ ನೀರನ್ನು ಹಿತ್ತಲಿನ ಬಿಲ್ವಪತ್ರೆಯ ಗಿಡಕ್ಕೆ ಸುರಿಯುತ್ತಿದ್ದವರು ಆಯಿ. ಮಳೆ ಶುರುವಾದಂದಿನಿಂದ, ಮೊಮ್ಮಗಳ ಗಿಡ ಚಿಗುರಲೆಂದು, ನಸುಕಿನಲ್ಲಿ ನಾವು ಏಳುವ ಮೊದಲೇ ಗೋಡೆ ಹಿಡಿದು ಬಂದು ಗಿಂಡಿಯ ನೀರೆಲ್ಲ ಈ ಕುಂಡಕ್ಕೆ ಸುರಿದಿದ್ದರು. ಮಣ್ಣಿನ ಹಸಿ ಮಳೆಯದೆಂದೇ ನಾವು ತಿಳಿದಿದ್ದೆವು. ಒಣಗಿ ಮಲಗಿದ್ದ ಬೇರಿಗೆ ಅದಕ್ಕಿಂತ ದೊಡ್ಡ ವಿಷ ಬೇರೆ ಇರಲಿಲ್ಲ.

"ಚಿಗತೈತೇನ?" ಆಯಿ ಕೇಳಿದರು.

ವೈನಿ ಈಗ ಸಿಡಿಯುತ್ತಾರೆ ಎಂದು ನಾನು ಹೆದರಿದೆ. ಅವರು ನನ್ನ ಕೈಯಲ್ಲಿದ್ದ ಲೋಳೆಯನ್ನು ನೋಡಿದರು, ಹೊರಸಿನ ಕಡೆ ನೋಡಿದರು. "ಚಿಗತೈತ್ರಿ ಅತ್ತಿ" ಎಂದರು. ಆಮೇಲೆ ನನಗಷ್ಟೇ ಕೇಳುವಂತೆ, "ನಿನ್ನ ಪೂಜಿ ನೀರ ಇದನ್ನ ತಿಂತು ಅಂತ ಆ ಮುದುಕಿಗಿ ಹ್ಯಾಂಗ ಹೇಳ್ಲಿ? ಹೇಳಿದ್ರ ನಾಳಿಗಿ ಆಕಿ ಲಿಂಗ ಹಿಡ್ಯಾಕ ಅಂಜತಾಳ" ಎಂದರು.

ಆ ರವಿವಾರ ಕಲಬುರಗಿಗೆ ಹೋಗಿ ನರ್ಸರಿಗಳನ್ನೆಲ್ಲ ಸುತ್ತಿದೆ. ಅಸಲಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಇದೇ, ದಪ್ಪ ಎಲೆಯ, ಗುಲಾಬಿ ವಾಸನೆಯ ಗಿಡ. ಅದೇ ಕುಂಡದಲ್ಲಿ ಹೊಸ ಮಣ್ಣು ಹಾಕಿ ನೆಟ್ಟೆವು. ಆಯಿ ಬೆರಳಾಡಿಸಿದರು, ಮೂಸಿದರು, ಹುಬ್ಬು ಗಂಟಿಕ್ಕಿದರು.

"ಮೊದಲ ಇದಕ್ಕ ಈ ವಾಸನಿ ಇದ್ದಿಲ್ಲಲ್ಲ?"

ವೈನಿ ತಡವರಿಸಲಿಲ್ಲ. "ನಿಮ್ಮ ಪೂಜಿ ನೀರು ಬಿದ್ದೈತಲ್ರಿ ಅತ್ತಿ. ಅದಕ್ಕ ವಾಸನಿ ಬಂದೈತಿ."

ಆಯಿ ಆ ಎಲೆಯನ್ನು ಕಣ್ಣಿಗೊತ್ತಿಕೊಂಡು ಅತ್ತರು. ವೈನಿ ಅಳುವಂತಿರಲಿಲ್ಲ. ಮಗಳ ಗಿಡ ಚಿಗುರಿದ ಮನೆಯಲ್ಲಿ ತಾಯಿ ಯಾವ ನೆವದಿಂದ ಅಳಬೇಕು? ದಿನಾ ಬೆಳಿಗ್ಗೆ ಕುಂಡದ ಕೆಳಗೆ ತಾಟು ಇಡುವುದು, ಸೋರಿದ ಪೂಜೆ ನೀರನ್ನು ಯಾರೂ ತುಳಿಯದಂತೆ ಪತ್ರೆಯ ಗಿಡಕ್ಕೆ ಒಯ್ಯುವುದು, "ಹೂ ಬಿಟ್ಟೈತೇನ?" ಎಂದರೆ "ಬಿಡತೈತ್ರಿ" ಎನ್ನುವುದು... ಓಣಿಯಲ್ಲಿ ಅವರ ದನಿ ಕೇಳುವುದೇ ಕಡಿಮೆಯಾಯಿತು. ಹಾಲಿನವನು ಧೈರ್ಯವಾಗಿ ನೀರು ಬೆರೆಸತೊಡಗಿದ.

ಮುಂದಿನ ವರ್ಷ ಆಯಿ ಹೋದರು. ಆವತ್ತು ವೈನಿ ಅತ್ತದ್ದನ್ನು ನೋಡಲಾಗುತ್ತಿರಲಿಲ್ಲ. ಎದೆ ಬಡಿದುಕೊಂಡು, ನೆಲಕ್ಕೆ ಬಿದ್ದು, ದನಿ ಹೋಗುವ ತನಕ ಅತ್ತರು. "ಎಂಥಾ ಸೊಸಿ ನೋಡವಾ, ಇಂಥಾಕಿ ಸಿಗಬೇಕಂದ್ರ ಪುಣ್ಯ ಮಾಡಿರಬೇಕು" ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಯಾರಿಗಾಗಿ ಅಳುತ್ತಿದ್ದಾರೆ ಎಂದು ನನಗೊಬ್ಬಳಿಗೆ ಗೊತ್ತಿತ್ತು.

ಆಮೇಲೆ ನನಗೆ ಯಾದಗಿರಿಗೆ ವರ್ಗವಾಯಿತು. ವೈನಿ ತೀರಿಕೊಂಡ ಸುದ್ದಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಕುಂಡ ಏನಾಯಿತೋ ಕೇಳಲಿಲ್ಲ; ಗಂಡನೂ ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು, ಕೇಳಿದರೆ ಹೇಳುವವರೂ ಇರಲಿಲ್ಲ.

ತಳ್ಳುಗಾಡಿಯವನಿಂದ ಆ ಗಿಡ ಕೊಂಡು ತಂದೆ. ಮೆಟ್ಟಿಲ ಬದಿಗಿಟ್ಟಿದ್ದೇನೆ, ಕೆಳಗೊಂದು ತಾಟು. ನಿನ್ನೆ ಪಾತ್ರೆ ತಿಕ್ಕಲು ಬರುವಾಕೆ ಎಲೆ ಮುಟ್ಟಿ, "ಏನ್ ಚಂದ ವಾಸನಿ ಬರಾಕತ್ತೈತ್ರಿ ಅಕ್ಕೋರ! ಯಾರು ಕೊಟ್ಟಾರ?" ಎಂದು ಕೇಳಿದಳು.

"ನಮ್ಮ ವೈನಿ ಮಗಳು. ಊಟಿಯಿಂದ ತಂದಿದ್ಳು" ಎಂದೆ.

ಆ ಸುಳ್ಳು ಹೇಳುವವರಲ್ಲಿ ಈಗ ಉಳಿದವಳು ನಾನೊಬ್ಬಳೇ.