ಪರೀಕ್ಷೆಗೆ ಬಿಟ್ಟುಕೊಟ್ಟ ಈಸ್ಟರ್ ಶಿಬಿರ

ನಮ್ಮ ಪಾಸ್ಟರ ಎಡಗಿವಿ ಬಲಗಿವಿಗಿಂತ ತುಸು ಮುಂದಕ್ಕೆ ಬಾಗಿತ್ತು. ಅದರ ಹಿಂದೆ ಸದಾ ಒಂದು ಗಿಡ್ಡ ಪೆನ್ಸಿಲ್ಲು. ಉಪದೇಶ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತಿದು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರಿನ ಕಾಲೇಜು ಹುಡುಗರ ನಡುವಿನ ಸೇವೆ ಅವರ ಪಾಲಿಗೆ ಬಂದಿತ್ತು. ಶಿಗ್ಗಾಂವಿಯಲ್ಲಿ ಬಿ.ಎ. ಓದುತ್ತಿದ್ದ ನಾನು ಹುಡುಗರ ಕೂಟದ ಕಾರ್ಯದರ್ಶಿ. ವರ್ಷದ ಯೋಜನೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಅಯ್ಯೋ, ಆ ಕೆಲಸ ಯಾರಿಗೂ ಬೇಡ! ಜೂನಿನಲ್ಲಿ ಕೂಟ ಇಟ್ಟರೆ ಹಿರೇಬೆಂಡಿಗೇರಿ ಹಳ್ಳಿಯ ಹುಡುಗರು ಬಿತ್ತಿಗೆಯಲ್ಲಿ. ಶನಿವಾರ ಸಂಜೆ ಇಟ್ಟರೆ ದುಂಡಸಿಯವರು ಎರಡನೇ ಹಾಡಿಗೇ ಊರಿನ ಕೊನೆಯ ಬಸ್ಸಿಗೆ ಓಡುತ್ತಿದ್ದರು. ಕ್ರಿಸ್‌ಮಸ್ಸಿಗೆ ಒಬ್ಬರೂ ಊರಲ್ಲಿ ಇರುತ್ತಿರಲಿಲ್ಲ.

"ಏನ್ ಮಾಡೋದಪಾ, ನಮ್ಮ ಸ್ವಾಮಿ ಹುಟ್ಟಿದಾಗ ಸೂಟಿ, ಸತ್ತು ಎದ್ದು ಬಂದಾಗ ಪರೀಕ್ಷೆ!" ಎಂದು ಪಾಸ್ಟರು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಯೋಜನೆಯ ತಾರೀಖುಗಳನ್ನು ಶಾಯಿಯಲ್ಲಿ ಬರೆದರೆ ಬೈಯುತ್ತಿದ್ದರು: "ಪೆನ್ಸಿಲ್ಲಿಲೆ ಬರಿಯೋ. ಯುನಿವರ್ಸಿಟಿಯವ್ರು ರಬ್ಬರ್ ಹಿಡ್ಕೊಂಡ ಕುಂತಾರ."

ಕೊನೆಯ ವರ್ಷ ನಾನು ಹಟ ಹಿಡಿದೆ. ಪರೀಕ್ಷೆ ಮಾರ್ಚಿನಲ್ಲೇ ಮುಗಿಯುತ್ತದೆಂದು ಕಾಲೇಜಿನಲ್ಲಿ ಕೇಳಿಕೊಂಡು, ಈಸ್ಟರಿಗೆ ಹಾನಗಲ್ಲಿನಲ್ಲಿ ಮೂರು ದಿನದ ಶಿಬಿರ ಗೊತ್ತು ಮಾಡಿದೆ. ಹುಬ್ಬಳ್ಳಿಯ ಉಪದೇಶಕರು ಬರಲು ಒಪ್ಪಿದ್ದರು. ಅಡಿಗೆಯವರು, ಜಮಖಾನೆ ಎಲ್ಲ ಗೊತ್ತಾಗಿತ್ತು. ಆರು ತಿಂಗಳು ನಾಲ್ಕೂ ಊರಿಗೆ ಬಸ್ಸಿನಲ್ಲಿ ನೇತಾಡಿದ್ದೆ. ಆದರೆ ಪರೀಕ್ಷೆ ಮುಂದಕ್ಕೆ ಹೋಗಿ, ಸರಿಯಾಗಿ ಈಸ್ಟರ್ ವಾರಕ್ಕೇ ಬಂದು ಕುಳಿತಿತು.

"ಶಿಬಿರ ಬ್ಯಾಡ," ಎಂದರು ಪಾಸ್ಟರು.

"ಒಂದ ದಿನಾನರ ಇಡೂಣ್ರಿ," ಎಂದು ಅಂಗಲಾಚಿದೆ.

"ಹುಡುಗರು ಇಂಗ್ಲಿಷಿನಾಗ ಬೀಳಾಕತ್ತಾರ. ಅವರ ಅವ್ವ ಅಪ್ಪ ಮತ್ತೊಂದು ವರ್ಷ ಓದಸ್ತಾರೇನು? ಈಗ ಓದೋದ ಪ್ರಾರ್ಥನಾ."

ಅಷ್ಟಕ್ಕೇ ಬಿಡಲಿಲ್ಲ. ಶಿಗ್ಗಾಂವಿಯ ಚರ್ಚಿನಲ್ಲಿ ಬೆಂಚುಗಳನ್ನು ಎದುರುಬದುರು ಹಾಕಿಸಿದರು. ಪಕ್ಕದ ಓಣಿಯ ವೈಷ್ಣವರ ಮನೆಯ ಇಂಗ್ಲಿಷ್ ಮಾಸ್ತರರನ್ನು ಕರೆತಂದು ದಿನಾ ಮಧ್ಯಾಹ್ನ ಪಾಠ ಶುರು ಮಾಡಿಸಿಯೇಬಿಟ್ಟರು. ಯಾವ ಜಾತಿಯ ಹುಡುಗ ಬಂದರೂ ಸರಿ.

ಸಭೆಯ ಹಿರಿಯರು ಕೆಂಡವಾದರು. "ಇದೇನ್ರಿ, ಚರ್ಚೋ ಟ್ಯೂಷನ್ ಕ್ಲಾಸೋ?" ಪಾಸ್ಟರನ್ನು ಬದಲಿಸಬೇಕೆಂದು ಮೇಲಿನವರಿಗೆ ಅರ್ಜಿ ಬರೆದರು. ಆ ಅರ್ಜಿಗೆ ಹುಡುಗರ ಪರವಾಗಿಯೂ ಒಂದು ಸಹಿ ಬೇಕಿತ್ತು. ಶಿಬಿರ ಹಾಳಾದ ಸಿಟ್ಟಿನಲ್ಲಿ ನಾನೇ ಮಾಡಿದೆ. ಬೆಳಿಗ್ಗೆ ಸಹಿ ಮಾಡಿ, ಮಧ್ಯಾಹ್ನ ಅದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳಿದೆ. ಎಂಥ ನಾಚಿಕೆಗೇಡಿ ನಾನು! ಇಂಗ್ಲಿಷಿನಲ್ಲಿ ಅದಾಗಲೇ ಎರಡು ಸಲ ನಪಾಸಾದವನು ನಾನೇ.

ಮೇ ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಮೇಲಿನವರು ಅರ್ಜಿಯನ್ನು ಅವರೆದುರೇ ಓದಿದ್ದರಂತೆ, ಹೆಸರುಗಳ ಸಮೇತ. ಬಸ್‌ಸ್ಟ್ಯಾಂಡಿನಲ್ಲಿ ಉಳಿದ ಹುಡುಗರ ಜೊತೆ ಅವರ ಟ್ರಂಕು ಏರಿಸಿ, ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ.

"ರಿಸಲ್ಟ್ ಬಂದ ಕೂಡ್ಲೆ ಎಲ್ಲಾರೂ ಒಂದೊಂದು ಕಾರ್ಡ್ ಹಾಕ್ರಿ," ಎಂದಷ್ಟೇ ಹೇಳಿ ಹತ್ತಿದರು.

ಪಾಸಾದೆ. ಕಾರ್ಡನ್ನೂ ತಂದೆ. ಬರೆಯಲು ಕೈ ಬರಲಿಲ್ಲ. ಅಂಥ ಸಹಿ ಮಾಡಿದವನು ಏನೆಂದು ಬರೆಯಲಿ? ಆಮೇಲೆ ಬರೆದರಾಯಿತು ಎನ್ನುತ್ತ ವರ್ಷಗಳೇ ಹೋದವು. ಹಿರೇಕೆರೂರಿನ ಕಡೆ ನೌಕರಿಯಾಯಿತು, ಮದುವೆಯಾಯಿತು. ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಮಣ್ಣಾಗಿ ವಾರ ಕಳೆದಿತ್ತು. ಓಡಿಹೋಗಿ ಅವರ ಹೆಂಡತಿಯ ಎದುರು ಕುಳಿತೆ.

"ಈಗೇನ್ ಮಾಡಾಕತ್ತೀಯಪಾ?" ಎಂದು ಪಾಸ್ಟರಮ್ಮ ಕೇಳಿದರು.

"ಹೈಸ್ಕೂಲಿನಾಗ ಇಂಗ್ಲಿಷ್ ಕಲಸ್ತೇನ್ರಿ."

ಅವರು ನನ್ನ ಮುಖವನ್ನೇ ನೋಡಿದರು. "ಹಂಗಾರ ನೀ ಪಾಸಾಗಿದ್ದೇನು? ಆ ವರ್ಷ ಎಲ್ಲಾ ಹುಡುಗರ ಕಾರ್ಡ್ ಬಂದ್ವು, ನಿಂದೊಂದ ಬರಲಿಲ್ಲ. ನಪಾಸಾಗಿ ಮನ್ಯಾಗ ಕುಂತಾನ ಅಂತ ತಿಳ್ಕೊಂಡು, ಅವರು ಕಡೀತನಕ ದಿನಾ ನಿನ್ನ ಹೆಸರು ಹಿಡಿದು ಪ್ರಾರ್ಥನಾ ಮಾಡಿದ್ರಲ್ಲೋ, ಈ ಸಲಾನರ ಪಾಸಾಗ್ಲಿ ಅಂತ."